ನಾಲ್ಕನೇ ಕ್ಲಾಸಿನ ಮೊದಲ ಸೆಮಿಸ್ಟರ್ ಮುಗೀತು, ಮಗಳಿಗೆ ಎಷ್ಟು ಬಂದಿರಬೇಕು?

ಹೊಸನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ. ಇರೋದು ಇಬ್ಬರೇ ಟೀಚರ್. ಒಂದರಿಂದ ಮೂರು ನಲಿಕಲಿ ಒಬ್ಬರಿಗೆ, ನಾಲ್ಕು-ಐದು ಇನ್ನೊಬ್ಬರಿಗೆ. ಎಸ್‌ಎ1 (ಸೆಮಿಸ್ಟರ್ ಕೊನೆಯ ಪರೀಕ್ಷೆ) ಮುಗಿಸಿ ದಸರಾ ರಜೆಗೆ ಮನೆಯಲ್ಲಿದ್ದಾಳೆ.

ನಿನ್ನೆ ಅವಳ ಚೀಲ ತೆಗೆದು ಪುಸ್ತಕಗಳನ್ನೆಲ್ಲ ನೋಡಿದೆ. ಕನ್ನಡ ಪರವಾಗಿಲ್ಲ. ಗಣಿತದ ನೋಟ್‌ಬುಕ್ಕು ಅರ್ಧ ಖಾಲಿ. ಪರಿಸರ ಅಧ್ಯಯನದಲ್ಲಿ ಬರೆದಿದ್ದಕ್ಕಿಂತ ಚಿತ್ರವೇ ಜಾಸ್ತಿ. ಜುಲೈಯಲ್ಲಂತೂ ಮಳೆಗೆ ರಜೆ ಮೇಲೆ ರಜೆ. ನಮ್ಮಣ್ಣನ ಮಗ ಶಿವಮೊಗ್ಗದಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗ್ತಾನೆ, ಅವನೂ ನಾಲ್ಕನೇ ಕ್ಲಾಸೇ. ಅವನ ಪುಸ್ತಕಗಳು ಮೊದಲ ಪುಟದಿಂದ ತುಂಬಿವೆ. ನೋಡಿ ಹೊಟ್ಟೆಯಲ್ಲಿ ಸಂಕಟ ಆಯ್ತು.

ಟೀಚರ್ ಒಳ್ಳೆಯವರು, ಅವರ ಮೇಲೆ ದೂರಲ್ಲ. ಈ ನಾಲ್ಕು ತಿಂಗಳಲ್ಲಿ ಒಂದೊಂದು ವಿಷಯದಲ್ಲೂ ಮಗುವಿಗೆ ಎಂತ ಬಂದಿರಬೇಕು? ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಮನೆಯಲ್ಲೇ ತಿಳ್ಕೊಳ್ಳೋದು ಹೇಗೆ ಅಂತ ಗೊತ್ತಿದ್ದವರು ಹೇಳಿ.

ತೀರ್ಥಹಳ್ಳಿ ಟೀಚರ್

ಅಕ್ಕಾ, ನಾನೂ ನಾಲ್ಕು-ಐದನೇ ತರಗತಿಗೇ ಪಾಠ ಮಾಡೋದು. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ.

ಪುಸ್ತಕ ಎಷ್ಟು ತುಂಬಿದೆ ಅನ್ನೋದು ಬಿಡಿ, ಮಗುವಿಗೆ ಏನು ಮಾಡೋಕೆ ಬರುತ್ತೆ ಅನ್ನೋದು ನೋಡಿ. ಬೋರ್ಡಿನ ಮೇಲೆ ಇದ್ದದ್ದನ್ನ ಚಂದ ಮಾಡಿ ಇಳಿಸಿಕೊಂಡು, ಅದರಲ್ಲಿ ಒಂದು ಸಾಲೂ ಓದೋಕೆ ಬಾರದ ಮಕ್ಕಳನ್ನ ನಾನು ಕಂಡಿದ್ದೀನಿ. ಪುಸ್ತಕ ಖಾಲಿ ಇಟ್ಟು ಬಾಯಲ್ಲಿ ಲೆಕ್ಕ ಹೇಳೋರನ್ನೂ ಕಂಡಿದ್ದೀನಿ.

ನಾಲ್ಕನೇ ತರಗತಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ದೊಡ್ಡ ತಿರುವು. ಅದನ್ನ ಯಾರೂ ಪಾಲಕರಿಗೆ ಬಿಡಿಸಿ ಹೇಳೋದಿಲ್ಲ. ಮೂರನೇ ತರಗತಿವರೆಗೆ ಮಗು ನಲಿಕಲಿಯಲ್ಲಿರುತ್ತೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಅ ಆ ಇ ಈ ಅಂತ ವರ್ಣಮಾಲೆಯಿಂದ ಹೊರಡದೆ ರ, ಗ, ಸ, ದ, ಅ ಅಂತ ಶುರು ಮಾಡ್ತಾರೆ, ಯಾಕೆಂದರೆ ಅಷ್ಟರಲ್ಲೇ ಸರ, ಅರಸ, ಗರಗಸ ಅಂತ ಪದ ಓದಬಹುದು. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ತನ್ನ ವೇಗಕ್ಕೆ ಹೋಗುತ್ತೆ. ಒಂದು ವಾರ ಮಳೆಗೆ ಬರದಿದ್ದರೆ, ಬಂದ ದಿನ ತಾನು ಬಿಟ್ಟ ಕಲಿಕೆಯ ಕಾರ್ಡಿನಿಂದಲೇ ಮುಂದುವರಿಯುತ್ತೆ. ನಾಲ್ಕನೇ ತರಗತಿಯಲ್ಲಿ ಆ ಅನುಕೂಲ ಇಲ್ಲ. ಪಠ್ಯಪುಸ್ತಕ ಇಡೀ ತರಗತಿಗೆ ಒಟ್ಟಿಗೆ ಸಾಗುತ್ತೆ, ಬಾರದ ಮಗುವಿಗೆ ಆ ಪಾಠ ಹೋದ ಹಾಗೇ. ಜೊತೆಗೆ ಎರಡು ತರಗತಿಗೆ ಒಬ್ಬರೇ ಟೀಚರ್ ಅಂದರೆ, ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ನಿಮ್ಮ ಮಗಳಿಗೆ ನೇರವಾಗಿ ಸಿಗೋದು ಅರ್ಧ. ಮಳೆರಜೆಯ ಪೆಟ್ಟು ಜೋರಾಗಿ ಬೀಳೋದು ಇಲ್ಲೇ.

ಈಗ ಕನ್ನಡ. ಮಗಳ ಪಠ್ಯಪುಸ್ತಕ ಕೊಟ್ಟು ಓದಿಸಬೇಡಿ, ಅದು ಕೇಳಿ ಕೇಳಿ ಬಾಯಿಪಾಠ ಆಗಿರುತ್ತೆ. ಅವಳು ಕಾಣದ ಒಂದು ಪುಟ ಕೊಡಿ: ಪೇಪರಿನ ಮಕ್ಕಳ ಪುರವಣಿ, ಸೊಸೈಟಿಯ ನೋಟಿಸ್, ಜಾತ್ರೆಯ ಕರಪತ್ರ. ಅಕ್ಷರ ಕೂಡಿಸಿ ಕೂಡಿಸಿ ಓದ್ತಾಳಾ, ಪದವಾಗಿ ಹಿಡೀತಾಳಾ? ಒತ್ತಕ್ಷರ ಬಂದಲ್ಲಿ ನಿಲ್ತಾಳಾ? ಓದಿದ ಮೇಲೆ ಪುಟ ಮುಚ್ಚಿ, "ಇದ್ರಲ್ಲಿ ಎಂತ ಹೇಳಿದಾರೆ?" ಅಂತ ಕೇಳಿ. ಮಕ್ಕಳ ಓದು-ಲೆಕ್ಕಕ್ಕಾಗಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ತರಗತಿ ಮುಗಿಯೋ ಹೊತ್ತಿಗೆ ನಿಮಿಷಕ್ಕೆ 60 ಪದ ಅರ್ಥ ಮಾಡಿಕೊಂಡು ಓದಬೇಕು ಅಂತ ಗುರಿ ಇದೆ. ನಾನು ಗಡಿಯಾರ ಹಿಡಿಯೋದಿಲ್ಲ. ನಮ್ಮಲ್ಲಿ "ಮನೆಯಲ್ಲಿದ್ದವರಿಗೆಲ್ಲ" ಅನ್ನೋದೂ ಒಂದೇ ಪದ. ತಡವರಿಸದೆ ಓದಿ ಕತೆ ತಿರುಗಿ ಹೇಳಿದರೆ ನನಗೆ ಸಮಾಧಾನ. ಬರವಣಿಗೆಯಲ್ಲಿ, ಯಾರೂ ಹೇಳಿಕೊಡದೆ ಐದಾರು ವಾಕ್ಯ ಬರೀಬೇಕು. ತಪ್ಪಿರಲಿ, ವಾಕ್ಯ ಅವಳದಾಗಿರಲಿ.

ಗಣಿತದಲ್ಲಿ ಈ ಸೆಮಿಸ್ಟರಿನ ಜೀವಾಳ ನಾಲ್ಕಂಕಿ ಸಂಖ್ಯೆ ಮತ್ತು ಸ್ಥಾನಬೆಲೆ. "ನಾಲ್ಕು ಸಾವಿರದ ಐದು" ಅಂತ ಹೇಳಿ ಬರೆಸಿ. 4005 ಬರೆದರೆ ಸರಿ. 40005 ಅಥವಾ 405 ಬರೆದರೆ ಸೊನ್ನೆಯ ಕೆಲಸ ಅರ್ಥ ಆಗಿಲ್ಲ. ಆಮೇಲೆ 3002ರಲ್ಲಿ 1457 ಕಳೆಯೋಕೆ ಹೇಳಿ. ಈ ಒಂದು ಲೆಕ್ಕ ಹತ್ತು ಲೆಕ್ಕದಷ್ಟು ಹೇಳುತ್ತೆ. ಉತ್ತರ ಏನು ಬರೀತಾಳೋ ಇಲ್ಲಿ ಹಾಕಿ.

ಪರಿಸರದಲ್ಲಿ ಚಿತ್ರ ಜಾಸ್ತಿ ಇದ್ದರೆ ಚಿಂತೆ ಬೇಡ. ಪ್ರಾಣಿ, ಜೇನು, ಕಾಡು, ಬೇರು, ಹೂವು ಇವೆಲ್ಲ ನೋಡಿ ಕಲಿಯೋ ಪಾಠಗಳು. ಚಿತ್ರ ತೋರಿಸಿ ವಿವರಿಸೋಕೆ ಹೇಳಿ ಸಾಕು.

ಶಿವಮೊಗ್ಗ ವಿನೋಬನಗರ

ಟೀಚರ್ ಮಾತು ಒಪ್ತೀನಿ, ಆದರೆ ಒಂದು ವಿಷಯ ಹೇಳಲೇಬೇಕು. ನನ್ನ ಮಗನೂ ಖಾಸಗಿ ಶಾಲೆ. ಪುಸ್ತಕ ತುಂಬೋದು ಬರೀ ತೋರಿಕೆ ಅಲ್ಲ. ದಿನಾ ಕೂತು ಬರೆಯೋ ಅಭ್ಯಾಸ ಅದರಿಂದ ಬರುತ್ತೆ. ಗಣಿತದ ನೋಟ್‌ಬುಕ್ ಅರ್ಧ ಖಾಲಿ ಅಂದರೆ ಅಭ್ಯಾಸ ಕಡಿಮೆ ಆಗಿದೆ ಅಂತಲೇ ಅರ್ಥ. ತಿಳುವಳಿಕೆ ಬೇಕು, ಸರಿ. ಕೈ ಪಳಗೋದೂ ಬೇಕಲ್ಲ? ಸರ್ಕಾರಿ ಶಾಲೆ ಅಂದ ಕೂಡಲೇ ಅಭ್ಯಾಸದ ಮಾತು ಬಿಟ್ಟುಬಿಡೋದು ಆ ಮಕ್ಕಳಿಗೇ ಅನ್ಯಾಯ.

ತೀರ್ಥಹಳ್ಳಿ ಟೀಚರ್

ಸರ್, ಕೈ ಪಳಗೋದರ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಎರಡು ತರಗತಿ ಒಟ್ಟಿಗೆ ನೋಡುವಾಗ ಮೊದಲು ಕಡಿಮೆಯಾಗೋದು ಅಭ್ಯಾಸವೇ. ಅಕ್ಕಾ, ರಜೆಯಲ್ಲಿ ದಿನಕ್ಕೆ ಐದು ಲೆಕ್ಕ ಮಾಡಿಸಿ, ಐವತ್ತಲ್ಲ. ಮಗ್ಗಿ ಸಂಜೆ ದೀಪ ಹಚ್ಚೋ ಹೊತ್ತಿಗೆ ಬಾಯಲ್ಲಿ ಹೇಳಿಸಿ.

ಆಗುಂಬೆ ಹೋಬಳಿ ಎಸ್‌ಡಿಎಂಸಿ ಸದಸ್ಯ

ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇದ್ದವನಾಗಿ ಮಳೆರಜೆ ಬಗ್ಗೆ ನನ್ನ ಅನುಭವ ಹೇಳ್ತೇನೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು. ಹಾಗಾಗಿ ಹೋದ ದಿನಗಳನ್ನ ಶನಿವಾರ ಮಧ್ಯಾಹ್ನ, ಭಾನುವಾರ ಅಂತ ತುಂಬಿಸ್ತಾರೆ. ಕಾಗದದಲ್ಲಿ ದಿನ ಸರಿಯಾಗ್ತದೆ. ಆದ್ರೆ ರಜೆ ಘೋಷಣೆ ಆಗದ ದಿನವೂ ಹಳ್ಳದ ಆಚೆಯ ಮಕ್ಕಳು ಬರೋಕಾಗೋದಿಲ್ಲ ಮಾರಾಯ್ರೆ. ಸಂಕದ (ಹಳ್ಳ ದಾಟೋ ಕಾಲುಸೇತುವೆ) ಮೇಲೆ ನೀರು ಹರಿಯುವಾಗ ಎಂಟು ವರ್ಷದ ಮಗುವನ್ನ ಯಾರು ಕಳಿಸ್ತಾರೆ? ಆ ದಿನಗಳಿಗೆ ಯಾವ ಶನಿವಾರವೂ ಇಲ್ಲ. ಹಾಜರಿ ಪುಸ್ತಕದಲ್ಲಿ ಅದೇ ನಾಲ್ಕೈದು ಮಕ್ಕಳ ಹೆಸರಿನ ಮುಂದೆ ಗೈರು.

ನಮ್ಮ ಶಾಲೆಯಲ್ಲಿ ಮಾಡಿದ್ದು ಇಷ್ಟು: ಜೂನ್ ಕೊನೆಗೇ ಮೇಷ್ಟ್ರು ಆ ಮಕ್ಕಳ ಕೈಗೆ ಜುಲೈ ಪಾಠಗಳ ಅಭ್ಯಾಸ ಹಾಳೆ ಕೊಟ್ಟುಬಿಡ್ತಾರೆ, ಶಾಲೆಯ ಗ್ರಂಥಾಲಯದ ಎರಡು ಪುಸ್ತಕವನ್ನೂ ಕೊಡ್ತಾರೆ. ಅದೇ ಕಡೆಯ ಹೈಸ್ಕೂಲು ಹುಡುಗಿಯೊಬ್ಬಳು ಸಂಜೆ ಕೂರಿಸಿಕೊಂಡು ಓದಿಸ್ತಾಳೆ. ಫೋನಿನಲ್ಲಿ ಪಾಠ ಕಳಿಸೋ ಪ್ರಯತ್ನವೂ ಆಯ್ತು. ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡ್ತದೆ, ಆಷಾಢದಲ್ಲಿ ಹಾಳೆಯೇ ಗತಿ.

ಸಾಗರದ ನಿವೃತ್ತ ಮೇಷ್ಟ್ರು

ಮಲೆನಾಡಿನ ಮೊದಲ ಸೆಮಿಸ್ಟರ್ ಅಂದರೆ ಮಳೆಗಾಲವೇ. ಶಾಲೆ ಶುರುವಾಗುವಾಗ ಮೊದಲ ಮಳೆ, ಮುಗಿಯುವಾಗ ಕೊನೆಯ ಮಳೆ. ಆ ಮಳೆ ಪಾಠ ಕದ್ದೊಯ್ಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲೇ ಎಷ್ಟು ಪಾಠ ಇದೆ ಅನ್ನೋದನ್ನ ಸೇವೆಯಲ್ಲಿದ್ದಷ್ಟೂ ಕಾಲ ಮಕ್ಕಳ ಜೊತೆ ಮಾಡಿ ನೋಡಿದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಮೇಲಿಂದ ಕೆಳಗಿನ ತನಕ ಒಂದೇ ಅಗಲ ಇರುವ ಡಬ್ಬಿಯೊಂದನ್ನ ಅಂಗಳದಲ್ಲಿ, ಮಾಡಿನ (ಛಾವಣಿಯ) ನೀರು ಬೀಳದ ಕಡೆ ಇಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಗು ಸ್ಕೇಲಿನಲ್ಲಿ ನೀರಿನ ಎತ್ತರ ಅಳೆದು, ಬರೆದು, ಚೆಲ್ಲಿ ಮತ್ತೆ ಇಡಲಿ. ನಾಲ್ಕು ಸೆಂಟಿಮೀಟರ್ ಅಂದರೆ 40 ಮಿಲಿಮೀಟರ್ ಮಳೆ. ಉದ್ದದ ಅಳತೆ ಅಲ್ಲೇ ಬಂತು. ವಾರದ ಮೊತ್ತ ಕೂಡಿಸಿದರೆ ಸಂಕಲನ, ಎರಡು ವಾರ ಹೋಲಿಸಿದರೆ ವ್ಯವಕಲನ, ಚೌಕುಳಿ ಹಾಳೆಯಲ್ಲಿ ಕಂಬ ಬರೆದರೆ ಅದೇ ಸ್ತಂಭಾಲೇಖ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐದನೇ ತರಗತಿಯವರಿಗೆ ಇದನ್ನ ಕೊಟ್ಟು, ಶಾಲೆಯ ಮಾಡಿನ ಮೇಲೆ ಇವತ್ತು ಎಷ್ಟು ಲೀಟರ್ ಬಿತ್ತು ಅಂತ ಕೇಳಿ. ಮಾಡಿನ ಉದ್ದ ಅಗಲ ಅಳೆಯೋಕೆ ಅವರೇ ಓಡುತ್ತಾರೆ.

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಮೀಟರಿಗೆ ತಿರುಗಿಸಿ ಅಂದರೆ ಏಳು ಮೀಟರ್, ಶಾಲೆಯ ಮಾಡಿಗಿಂತ ಎತ್ತರ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಯಾಕೆ? ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟ ಹತ್ತುವಾಗ ತಣಿದು ಸುರಿದುಬಿಡುತ್ತದೆ, ಆಚೆ ಹೋಗುವಷ್ಟರಲ್ಲಿ ಬರಿದಾಗಿರುತ್ತದೆ. ಘಟ್ಟದ ನೆತ್ತಿಯಲ್ಲಿ ಬದುಕುವ ಮಗುವಿಗೆ ಈ ಪಾಠ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ನದಿಯೂ ಹಾಗೇ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಅದೇ ತಾಲ್ಲೂಕಿನಲ್ಲಿ ಹರಿಯುವ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಒಂದೇ ತಾಲ್ಲೂಕಿನ ನೀರು ಎರಡು ಸಮುದ್ರಕ್ಕೆ! ಮಕ್ಕಳ ಕೈಯಲ್ಲಿ ನಕ್ಷೆ ಬಿಡಿಸಿ ನೋಡಿ, ದಿಕ್ಕುಗಳು ಮತ್ತೆ ಮರೆಯುವುದಿಲ್ಲ.

ಅಜ್ಜ-ಅಜ್ಜಿ ಇದ್ದರೆ ಮಳೆ ನಕ್ಷತ್ರಗಳನ್ನೂ ಬರೆಸಿ: ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಒಂದೊಂದೂ ಸುಮಾರು ಹದಿಮೂರು-ಹದಿನಾಲ್ಕು ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ಯಾವ ನಕ್ಷತ್ರದಲ್ಲಿ ಡಬ್ಬಿ ಹೆಚ್ಚು ತುಂಬಿತು ಅಂತ ನೋಡಿಸಿ. ಗಾದೆ ಕೇಳಿ ಬರೆದರೆ ಕನ್ನಡ, ಅಳೆದು ನೋಡಿದರೆ ವಿಜ್ಞಾನ.

ಹೊಸನಗರದ ಅಮ್ಮ

ಮೇಷ್ಟ್ರೇ, ನಮ್ಮ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವಾಗ ಮಗಳು ಪಕ್ಕದಲ್ಲೇ ಇರ್ತಾಳೆ. ಅದರಲ್ಲೂ ಲೆಕ್ಕ ಹೇಳಿಕೊಡಬಹುದಾ?

ಸಾಗರದ ನಿವೃತ್ತ ಮೇಷ್ಟ್ರು

ಖಂಡಿತ ತಾಯೀ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಅಂದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇನ್ನೂರು ಲೀಟರಿನ ಡ್ರಮ್ಮಿಗೆ ಎಷ್ಟು, ಐವತ್ತು ಲೀಟರಿಗೆ ಎಷ್ಟು ಗ್ರಾಂ ಅಂತ ಕೇಳಿ. ಮೊದಲ ಸಲ ಹೊಡೆದ ನಲವತ್ತೈದು ದಿನಕ್ಕೆ ಎರಡನೇದು ಅಂದರೆ ಯಾವ ತಾರೀಕು ಅಂತ ಕ್ಯಾಲೆಂಡರ್ ನೋಡಿ ಹೇಳಲಿ. ಲೆಕ್ಕ ಮಾತ್ರ ಜಗಲಿಯಲ್ಲಿ ಕೂತು ಮಾಡಲಿ. ಮೈಲುತುತ್ತವನ್ನ ಮಗು ಮುಟ್ಟಬಾರದು, ಹೊಡೆಯುವಾಗ ಹತ್ತಿರವೂ ಇರಬಾರದು.

ಒಂದು ಎಕರೆಗೆ ನಲವತ್ತು ಗುಂಟೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ಹಗ್ಗ ಹಿಡಿದು ಅಂಗಳದಲ್ಲಿ ಒಂದು ಗುಂಟೆ ಗುರುತು ಮಾಡಿಸಿ, ಸುತ್ತಳತೆ ಯಾವುದು, ವಿಸ್ತೀರ್ಣ ಯಾವುದು ಅನ್ನೋ ಗೊಂದಲ ನಡೆದು ನೋಡಿದರೆ ಬಿಡಿಸಿಹೋಗುತ್ತದೆ.

ಶಿಕಾರಿಪುರ ಸಿಆರ್‌ಪಿ

ನಾನು ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳ ಟೀಚರುಗಳಿಗೆ ನೆರವಾಗೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಎಲ್ಲರ ಮಾತೂ ಓದಿದೆ. ಒಂದು ಸಂಗತಿ ಸೇರಿಸ್ತೀನಿ. ನಮ್ಮ ಕಡೆ ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ. ಜಿಲ್ಲೆಯ ಬೇರೆ ಕಡೆ ಉರ್ದು, ತುಳು, ಕೊಂಕಣಿ, ತಮಿಳು ಮನೆಮಾತಿನ ಮಕ್ಕಳಿದ್ದಾರೆ. ಅಂಥ ಮಗುವಿಗೆ ಕನ್ನಡವೇ ಹೊಸ ಭಾಷೆ, ಇಂಗ್ಲಿಷ್ ಮತ್ತೊಂದು. ನಾಲ್ಕನೇ ತರಗತಿಯಲ್ಲಿ ಆ ಮಗು ಪರಿಸರ ಪಾಠದ ಪ್ರಶ್ನೆಗೆ ಉತ್ತರ ಬರೆಯದಿದ್ದರೆ ಪಾಠ ಗೊತ್ತಿಲ್ಲ ಅಂತ ಗುರುತು ಹಾಕ್ತೀವಿ. ತನ್ನ ಮಾತಿನಲ್ಲಿ ಕೇಳಿದರೆ ಹೊಲ, ದನ, ಮಳೆ ಬಗ್ಗೆ ನಮಗಿಂತ ಚೆನ್ನಾಗಿ ಹೇಳುತ್ತೆ. ಟೀಚರುಗಳಿಗೆ ನಾನು ಪ್ರತಿ ಸಭೆಯಲ್ಲೂ ಕೇಳಿಕೊಳ್ಳೋದು ಇದನ್ನೇ: ಮೊದಲು ಬಾಯಲ್ಲಿ ಕೇಳಿ, ಅದೇ ಮನೆಮಾತಿನ ಗೆಳತಿಯ ಸಹಾಯ ತಗೊಳ್ಳಿ, ಆಮೇಲೆ ಬರೆಸಿ.

ವರ್ಷದ ಶುರುವಿನ ಸೇತುಬಂಧವನ್ನೂ (ಹಿಂದಿನ ತರಗತಿಯ ಕಲಿಕೆ ಸರಿಪಡಿಸೋ ಪಾಠಗಳು) ಪಾಲಕರು ಗಮನಿಸಬೇಕು. ಜೂನಿನಲ್ಲಿ ನೈದಾನಿಕ ಪರೀಕ್ಷೆ ಮಾಡಿ ಮಗು ಹಿಂದಿನ ತರಗತಿಯ ಯಾವ ಸಾಮರ್ಥ್ಯದಲ್ಲಿ ಹಿಂದಿದೆ ಅಂತ ಬರೆದಿರ್ತಾರೆ, ಕೊನೆಗೆ ಸಾಫಲ್ಯ ಪರೀಕ್ಷೆಯೂ ಆಗುತ್ತೆ. ಆ ದಾಖಲೆ ಶಾಲೆಯಲ್ಲೇ ಇರುತ್ತೆ. ಎಸ್‌ಎ1 ಗ್ರೇಡಿಗಿಂತ ಅದು ಹೆಚ್ಚು ಉಪಯೋಗದ್ದು, ಯಾಕೆಂದರೆ ಮಗು ಎಲ್ಲಿಂದ ಹೊರಟಿತು ಅನ್ನೋದು ಅದರಲ್ಲಿ ಇರುತ್ತೆ.

ಹೊಸನಗರದ ಅಮ್ಮ

ಟೀಚರ್ ಹೇಳಿದ ಹಾಗೆ ಕೂರಿಸಿಕೊಂಡು ನೋಡಿದೆ. ಸೊಸೈಟಿ ನೋಟಿಸ್ ಓದಿದಳು, "ಸರ್ವಸದಸ್ಯರ" ಅನ್ನೋ ಕಡೆ ನಿಂತಳು, ಮತ್ತೆ ತಾನೇ ಬಿಡಿಸಿಕೊಂಡಳು. ಸಭೆ ಯಾವತ್ತು, ಎಲ್ಲಿ ಅಂತ ಸರಿಯಾಗಿ ಹೇಳಿದಳು. ನಮ್ಮ ದನದ ಬಗ್ಗೆ ಏಳು ವಾಕ್ಯ ಬರೆದಳು, ಓದಿ ಖುಷಿಯಾಯ್ತು. 4005 ಸರಿ ಬರೆದಳು. ಆದರೆ 3002ರಲ್ಲಿ 1457 ಕಳೆದು 2455 ಅಂತ ಬರೆದಿದ್ದಾಳೆ. ಬೇರೆ ಎರಡು ಲೆಕ್ಕವೂ ಹೀಗೇ ತಪ್ಪು.

ಇನ್ನೊಂದು, ಇಂಗ್ಲಿಷ್ ಬಗ್ಗೆ ಯಾರೂ ಹೇಳಲಿಲ್ಲ. ಗ್ರೇಡ್ ಲೆಕ್ಕ ಹೇಗೆ ಅಂತಲೂ ತಿಳಿಸಿ.

ತೀರ್ಥಹಳ್ಳಿ ಟೀಚರ್

ಅಕ್ಕಾ, ಓದು-ಬರಹದಲ್ಲಿ ನಿಮ್ಮ ಮಗಳು ತರಗತಿಗೆ ತಕ್ಕಂತೆ ಇದ್ದಾಳೆ. ಆ ಚಿಂತೆ ಬಿಡಿ.

2455 ನೋಡಿದ ಕೂಡಲೇ ಗೊತ್ತಾಯ್ತು. ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನ ಕಳೆದಿದ್ದಾಳೆ. ಮೇಲೆ 2, ಕೆಳಗೆ 7 ಇದ್ದರೆ 7ರಿಂದ 2 ಕಳೆದು 5 ಅಂತ ಬರೆದಿದ್ದಾಳೆ. ಇದು ಅಜಾಗ್ರತೆ ಅಲ್ಲ, ದಶಕ ಸಹಿತ (ಪಕ್ಕದ ಸ್ಥಾನದಿಂದ ಒಡೆದು ತಂದು) ಕಳೆಯೋ ಪಾಠ ಅವಳಿಗೆ ಸಿಕ್ಕಿಲ್ಲ. ನೀವು ಹೇಳಿದ ಜುಲೈ ರಜೆಗಳ ಹೊತ್ತಿಗೇ ಅದು ಆಗಿಹೋಗಿರಬಹುದು. ಇದಕ್ಕೆ ಬೈಯಬೇಡಿ, ಹೆಚ್ಚು ಲೆಕ್ಕವನ್ನೂ ಕೊಡಬೇಡಿ. ತಪ್ಪು ವಿಧಾನದಲ್ಲೇ ಐವತ್ತು ಲೆಕ್ಕ ಮಾಡಿದರೆ ತಪ್ಪೇ ಗಟ್ಟಿಯಾಗುತ್ತೆ.

ರಟ್ಟಿನ ಚೂರುಗಳ ಮೇಲೆ 1000, 100, 10, 1 ಅಂತ ಬರೆದುಕೊಳ್ಳಿ. ಅವಳು ಅಂಗಡಿಯವಳು. ಅವಳ ಕೈಗೆ ಸಾವಿರದ ಮೂರು ಚೀಟಿ, ಒಂದರ ಎರಡು ಚೀಟಿ ಕೊಡಿ. ನೀವು 1457 ರೂಪಾಯಿ ಕೇಳಿ. ಏಳು ರೂಪಾಯಿ ಕೊಡೋಕೆ ಅವಳ ಹತ್ತಿರ ಚಿಲ್ಲರೆ ಇಲ್ಲ. ಒಂದು ಸಾವಿರ ಒಡೆದು ಹತ್ತು ನೂರು ಮಾಡ್ತಾಳೆ, ಒಂದು ನೂರು ಒಡೆದು ಹತ್ತು ಹತ್ತು, ಒಂದು ಹತ್ತು ಒಡೆದು ಹತ್ತು ಒಂದು. ಈಗ ಕೈಯಲ್ಲಿ ಎರಡು ಸಾವಿರ, ಒಂಬತ್ತು ನೂರು, ಒಂಬತ್ತು ಹತ್ತು, ಹನ್ನೆರಡು ಒಂದು. ಕೊಟ್ಟ ಮೇಲೆ ಉಳಿಯೋದು 1545. ಚೀಟಿ ಒಡೆದ ಹಾಗೆಲ್ಲ ಪಕ್ಕದಲ್ಲಿ ಲೆಕ್ಕ ಬರೆಸುತ್ತಾ ಹೋಗಿ. ಕೈಯಲ್ಲಿ ಮಾಡಿದ್ದು ಹಾಳೆಯ ಮೇಲೆ ಅವಳಿಗೇ ಕಾಣುತ್ತೆ. ಇದು ಬಂದ ಮೇಲೆ ವಿನೋಬನಗರದ ಸರ್ ಹೇಳಿದ ಅಭ್ಯಾಸ ಶುರು ಮಾಡಿ.

ಇಂಗ್ಲಿಷ್ ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಒಂದು ವಿಷಯವಾಗಿದೆ. ನಾಲ್ಕನೇ ತರಗತಿಯ ಅರ್ಧಕ್ಕೆ ಸಣ್ಣ ವಾಕ್ಯ ಓದಬೇಕು, ಹೇಳಿದ ಸೂಚನೆ ತಿಳಿಯಬೇಕು, ತನ್ನ ಬಗ್ಗೆ ಎರಡು ಮೂರು ಮಾತು ಹೇಳಬೇಕು. ಪ್ರಶ್ನೋತ್ತರ ಉರು ಹೊಡೆಸಬೇಡಿ. ಅಭಿನಯ ಗೀತೆ ಹೇಳಿಸಿ, ನಾಚಿಕೆ ಬಿಡಲಿ. ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿಗೆ ಹೆಸರು ಕೊಡೋದು ಕೂಡ ಅದಕ್ಕೇ. ಕಂಠಪಾಠವೋ ಕತೆ ಹೇಳೋದೋ, ಯಾವುದಾದರೂ ಸರಿ, ಬಹುಮಾನ ಬಾರದಿದ್ದರೂ ಸರಿ.

ಗ್ರೇಡಿನ ವಿಷಯ. ವರ್ಷಕ್ಕೆ ನಾಲ್ಕು ಎಫ್‌ಎ (ಕಲಿಕೆಯ ನಡುನಡುವೆ ಮಾಡೋ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಸೆಮಿಸ್ಟರ್ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ). ಎಫ್‌ಎ ತಲಾ 15, ಎಸ್‌ಎ ತಲಾ 20, ಒಟ್ಟು 100. ಈ ಸೆಮಿಸ್ಟರಿಗೆ ಎರಡು ಎಫ್‌ಎ, ಒಂದು ಎಸ್‌ಎ ಸೇರಿ 50. ಎಫ್‌ಎ ಅಂಕದಲ್ಲಿ ಚಟುವಟಿಕೆ, ಮಾತು, ಮಾಡಿದ ಕೆಲಸ ಎಲ್ಲ ಸೇರಿರುತ್ತೆ.

ಆಗುಂಬೆ ಹೋಬಳಿ ಎಸ್‌ಡಿಎಂಸಿ ಸದಸ್ಯ

ಅಕ್ಕಾ, ರಜೆ ಕಳೆದು ಸಮುದಾಯದತ್ತ ಶಾಲೆ ಕಾರ್ಯಕ್ರಮ (ಪಾಲಕರನ್ನ ಕರೆದು ಮಕ್ಕಳ ಕಲಿಕೆ ತೋರಿಸೋ ಸಭೆ) ಇಟ್ಟಾಗ ತಪ್ಪದೇ ಹೋಗಿ. ತುಂಬ ಪಾಲಕರು ಸಹಿ ಹಾಕಿ ಬಂದುಬಿಡ್ತಾರೆ. ನೀವು ಉತ್ತರಪತ್ರಿಕೆ ಕೇಳಿ ತಗೊಂಡು ನೋಡಿ. ಮಳೆರಜೆಯಲ್ಲಿ ತಪ್ಪಿದ ಪಾಠಗಳನ್ನ ಯಾವಾಗ ಮತ್ತೆ ಮಾಡ್ತಾರೆ ಅಂತ ಸಭೆಯಲ್ಲೇ ಕೇಳಿ. ನೀವೊಬ್ಬರು ಕೇಳಿದ್ರೆ ಉಳಿದವರೂ ಬಾಯಿ ಬಿಡ್ತಾರೆ.

ಹೊಸನಗರದ ಅಮ್ಮ

ಚೀಟಿ ಆಟ ಆಡಿಸಿದೆ. ಮೊದಲು ಸಾವಿರ ಒಡೆಯೋಕೆ ಒಪ್ಪಲೇ ಇಲ್ಲ, ಆಮೇಲೆ ತಾನೇ ಚೀಟಿ ಕತ್ತರಿಸಿ ಕೂತಳು. ಈಗ 5000ದಿಂದ 2638 ಕಳೆದು 2362 ಅಂತ ಬರೆದು ತೋರಿಸಿದಳು. ಸಮುದಾಯದತ್ತ ಶಾಲೆಗೆ ಪಕ್ಕದ ಮನೆಯವರನ್ನೂ ಕರ್ಕೊಂಡು ಹೋಗ್ತೀನಿ. ಟೀಚರ್, ಎರಡನೇ ಸೆಮಿಸ್ಟರಿಗೆ ಈಗಲೇ ಎಂತ ತಯಾರಿ ಮಾಡಿಸಲಿ?

ತೀರ್ಥಹಳ್ಳಿ ಟೀಚರ್

2362 ಸರಿ. ಮುಂದೆ ಭಾಗಾಕಾರ, ಭಿನ್ನರಾಶಿ ಜೋರಾಗಿ ಬರುತ್ತೆ. ಅದಕ್ಕೆ ಮಗ್ಗಿ ಹತ್ತರವರೆಗೆ ಗಟ್ಟಿ ಇರಲಿ, ಹಿಂದುಮುಂದಾಗಿ ಕೇಳಿದರೂ ಹೇಳಬೇಕು. ಮನೆಯಲ್ಲಿ ಹಂಚೋ ಕೆಲಸ ಅವಳಿಗೇ ಬಿಡಿ: ದೋಸೆ ನಾಲ್ಕು ಪಾಲು, ಇಪ್ಪತ್ತಮೂರು ಬಾಳೆಹಣ್ಣು ಐದು ಜನಕ್ಕೆ. ಉಳಿದ ಮೂರು ಹಣ್ಣು ಎಂತ ಮಾಡೋದು ಅಂತ ಅವಳೇ ಕೇಳ್ತಾಳೆ, ಶೇಷ ಅನ್ನೋದು ಆಗ ಹೇಳಿಕೊಡಿ. ಪಠ್ಯಪುಸ್ತಕದ ಎರಡನೇ ಭಾಗ ಇನ್ನೂ ಕೈಗೆ ಸಿಕ್ಕಿಲ್ಲ ಅಂದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ, ಪೇಟೆಗೆ ಹೋದಾಗ ಮೊದಲ ಎರಡು ಪಾಠ ಪ್ರಿಂಟ್ ಹಾಕಿಸಿಕೊಂಡು ಬನ್ನಿ.